ಹಿಂದಿನ ದೀಪದ ಕೇಸು

ಹನ್ನೆರಡು ವರ್ಷದ ಹಿಂದೆ ಒಬ್ಬ ಕಾನ್‌ಸ್ಟೇಬಲ್ ತನ್ನ ಎರಡು ವರ್ಷದ ಮಗಳ ತಲೆ ಮುಟ್ಟಿ ಒಂದು ಮಾತು ಕೊಟ್ಟಿದ್ದ.

ಆ ಮಗು ಬಚ್ಚಲುಮನೆಗೆ ನುಗ್ಗಿ ಬಾಗಿಲ ಗುಂಡಿ ಒತ್ತಿಬಿಟ್ಟಿತ್ತು. ಬೀಗ ಬಿತ್ತು. ಒಳಗೆ ನೀರಿನ ತೊಟ್ಟಿ, ತೊಟ್ಟಿಯ ಮೇಲೆ ತಿರುಗಿಸಿಬಿಟ್ಟ ನಲ್ಲಿ. ಹೊರಗೆ ಅಪ್ಪ ಬಾಗಿಲಿಗೆ ಭುಜ ಕೊಟ್ಟು ಕೊಟ್ಟು ಭುಜ ಊದಿಸಿಕೊಂಡಿದ್ದ. ಯಾರೋ ಓಡಿಹೋಗಿ ಕೀಲಿ ಮಾಡುವವನನ್ನು ಕರೆತಂದರು. ಅವನು ಒಂದು ಡೊಂಕು ತಂತಿ ತೂರಿಸಿ, ನೂರು ಎಣಿಸುವಷ್ಟರಲ್ಲಿ ಬಾಗಿಲು ತೆಗೆದ. ಮಗು ತೊಟ್ಟಿಯ ಅಂಚು ಹತ್ತಿ ಕೂತು ನಗುತ್ತಿತ್ತು.

"ಏನು ಕೊಡ್ಲಿ ಹೇಳಪ್ಪ," ಎಂದ ಕಾನ್‌ಸ್ಟೇಬಲ್.

"ಏನೂ ಬೇಡ ಸ್ವಾಮಿ. ಊರಲ್ಲಿ ಯಾವ ಬೀಗ ತೆರೆದ್ರೂ ನಿಮ್ಮವರು ಮೊದ್ಲು ಬರೋದು ನನ್ನ ಬಾಗಿಲಿಗೆ. ಬರಲಿ, ಬೇಡ ಅನ್ನಲ್ಲ. ಆದ್ರೆ ಒಂದಲ್ಲ ಒಂದು ದಿನ ನೀವೇ ಬಂದ್ರೆ, ಯಾಕೆ ಬಂದ್ರಿ ಅಂತ ನಿಜವಾದ ಕಾರಣ ನನ್ನ ಮುಖಕ್ಕೇ ಹೇಳಿ ಕರ್ಕೊಂಡು ಹೋಗಿ. ಅಷ್ಟು ಸಾಕು."

"ಮಗಳಾಣೆ," ಎಂದಿದ್ದ ಕಾನ್‌ಸ್ಟೇಬಲ್.

"ಮಗಳಾಣೆ ಅಂದಿದ್ರು ಅಕ್ಕಾ!" ಎಂದಳು ಕೀಲಿಯವನ ಹೆಂಡತಿ, ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ವಕೀಲೆಯಾಗಿ ಬಂದಿದ್ದ ನನ್ನ ತೋಳು ಹಿಡಿದು. ಬೆಳಗ್ಗೆಯಿಂದ ಇದು ಆರನೇ ಸಲ. "ಈಗ ಇನ್‌ಸ್ಪೆಕ್ಟರ್ ಆಗಿಬಿಟ್ರಲ್ಲ, ಆಣೆ ಎಲ್ಲ ಹಳೇ ಯೂನಿಫಾರಂ ಜೊತೆ ಬಿಸಾಕಿದ್ರು."

"ಗೊತ್ತಾಯ್ತಮ್ಮ. ಕೈ ಬಿಡು, ಒಳಗೆ ಹೋಗ್ಬೇಕು."

"ನಿನ್ನೆ ಸಂಜೆ ಯಾಕೆ ಕರ್ಕೊಂಡು ಹೋಗ್ತಿದೀರ ಅಂತ ಕೇಳಿದ್ದಕ್ಕೆ ಗಾಡಿ ಕೇಸು ಅಂದ್ರಂತೆ. ಗಾಡಿ ಕೇಸಿಗೆ ಯಾರಾದ್ರೂ ರಾತ್ರಿಯೆಲ್ಲ ಒಳಗೆ ಹಾಕ್ತಾರಾ?"

ಹಾಕುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗೂ ಗೊತ್ತಿತ್ತು. ನಾಲ್ಕು ದಿನದ ಹಿಂದೆ ನಗರಸಭೆಯ ನಕ್ಷೆ ಕೋಣೆಯ ಬೀಗವನ್ನು ಒಡೆಯದೆ ತೆರೆದು ಯಾರೋ ಒಂದು ನಕ್ಷೆ ಒಯ್ದಿದ್ದರು. ಅಡ್ಡ ಬಂದ ಕಾವಲುಗಾರ ತಲೆಗೆ ಪೆಟ್ಟು ತಿಂದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಬೀಗ ಒಡೆಯದೆ ತೆರೆಯುವವನು ಅಂದರೆ ಈ ಊರಿಗೆ ಒಬ್ಬನೇ. ತಾನು ಮಾಡಿದ ಪ್ರತಿ ಕೀಲಿಯ ಮೇಲೂ ಮೂರು ಸಣ್ಣ ಚುಕ್ಕಿ ಕುಟ್ಟಿ, ಪಕ್ಕದಲ್ಲಿ ನಂಬರ್ ಹಾಕುವುದರಿಂದ ಅವನನ್ನು ಎಲ್ಲರೂ ಕರೆಯುವುದೇ ಮೂರು ಚುಕ್ಕಿ ಎಂದು.

ಸಂಜೆ ನಾಲ್ಕಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಪೊಲೀಸರು ನಕ್ಷೆಯ ಕೇಸನ್ನೂ ಸೇರಿಸಿ ಕೇಳುವುದು ಖಂಡಿತ, ಮ್ಯಾಜಿಸ್ಟ್ರೇಟರು ರುಜು ಹಾಕಿದರೆ ಹದಿನೈದು ದಿನ ಪೊಲೀಸರ ವಶ. ಹದಿನೈದು ದಿನದಲ್ಲಿ ಮನುಷ್ಯ ನಕ್ಷೆ ಕದ್ದದ್ದನ್ನಷ್ಟೇ ಅಲ್ಲ, ಭೂಮಿ ಉರುಟಾಗಿರುವುದಕ್ಕೂ ತಾನೇ ಕಾರಣ ಎಂದು ಒಪ್ಪಿಕೊಳ್ಳುತ್ತಾನೆ.

ನಾನು ಕೈಗಡಿಯಾರ ನೋಡಿದೆ. ಹತ್ತು ಇಪ್ಪತ್ತು.

*

ಒಳಗೆ ಮೇಜಿನ ಹಿಂದೆ ಕೂತಿದ್ದವರು ಠಾಣೆಯ ರೈಟರ್. ಹೆಡ್ ಕಾನ್‌ಸ್ಟೇಬಲ್, ಕನ್ನಡಕ ಹಣೆಯ ಮೇಲೆ, ಇಡೀ ಠಾಣೆಯ ಕಾಗದಪತ್ರವೆಲ್ಲ ಅವರ ಕೈಯಿಂದಲೇ.

"ಬಂಧನದ ಕಾಗದದ ನಕಲು ಕೊಡಿ."

"ಕೊಡ್ತೀನಿ ಮೇಡಂ. ಪ್ರಿಂಟರ್ ಕೆಟ್ಟಿದೆ."

"ಮೂಲ ತೋರ್ಸಿ. ಕಣ್ಣಲ್ಲಿ ಓದ್ಕೋತೀನಿ."

"ಮೂಲ ಬೀರುವಲ್ಲಿದೆ. ಬೀರು ಕೀಲಿ ಸಾಹೇಬ್ರ ಹತ್ರ. ಸಾಹೇಬ್ರು ಆಸ್ಪತ್ರೆಗೆ ಹೋಗಿದಾರೆ."

"ಸರಿ, ಯಾವ ಕೇಸು ಅಂತ ಬಾಯಲ್ಲಾದ್ರೂ ಹೇಳಿ."

"ಗಾಡಿ ಕೇಸು."

"ಗಾಡಿಯಲ್ಲಿ ಏನು?"

"ಅದು ಕಾಗದದಲ್ಲಿದೆ ಮೇಡಂ."

ಇಪ್ಪತ್ತು ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಇಪ್ಪತ್ತು ವರ್ಷದಿಂದ ಯಾವ ಠಾಣೆಗೆ ಹೋದರೂ ಪ್ರಿಂಟರ್ ಕೆಟ್ಟಿರುತ್ತದೆ. ಪ್ರಿಂಟರ್ ಬರುವ ಮೊದಲು ಕಾರ್ಬನ್ ಕಾಗದ ಮುಗಿದಿರುತ್ತಿತ್ತು.

"ನನ್ನ ಕಕ್ಷಿದಾರನ ಹತ್ರ ಮಾತಾಡ್ಬೇಕು."

"ಎರಡೇ ನಿಮಿಷ."

ಮೂರು ಚುಕ್ಕಿ ಲಾಕಪ್ಪಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಐವತ್ತರ ಹತ್ತಿರದ ಒಣಕಲು ಮನುಷ್ಯ. ಬೆರಳ ತುದಿಗಳಲ್ಲಿ ಹಿತ್ತಾಳೆ ಪುಡಿಯ ಹಳದಿ. ನನ್ನನ್ನು ನೋಡಿದ್ದೇ ಅವನ ಮುಖ ಸಣ್ಣದಾಯಿತು. ವಕೀಲರನ್ನು ಕಂಡರೆ ಲಾಕಪ್ಪಿನಲ್ಲಿರುವವರ ಮುಖ ಅರಳುವುದು ವಾಡಿಕೆ.

"ನೀವ್ಯಾಕೆ ಬಂದ್ರಿ ಅಮ್ಮ?"

"ನಿನ್ನ ಹೆಂಡತಿ ಆರು ಗಂಟೆಗೇ ಫೋನ್ ಮಾಡಿ ಎಬ್ಬಿಸಿದ್ಲು, ಅದಕ್ಕೆ."

"ಅವಳಿಗೆ ಬುದ್ಧಿ ಇಲ್ಲ. ನೀವು ಈ ಕೇಸು ತಗೋಬೇಡಿ. ಬೇರೆ ಯಾರನ್ನಾದ್ರೂ ಕಳ್ಸಿ."

"ಯಾಕೆ? ನಾನು ಚೆನ್ನಾಗಿ ವಾದ ಮಾಡಲ್ವಾ?"

"ಅಯ್ಯೋ, ಅದಲ್ಲ." ಅವನು ನೆಲ ನೋಡಿದ. "ನಿಮಗೆ ಮನೇಲಿ ಮಗು ಇದೆ. ಸುಮ್ನೆ ತೊಂದ್ರೆ."

ನನಗೆ ರೇಗಿತು. ನನ್ನ ಮಗುವಿನ ವಿಚಾರ ಜಡ್ಜಿನಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರೂ ಮಾತಾಡುತ್ತಾರೆ. ಗಂಡಸು ವಕೀಲರಿಗೆ ಮಕ್ಕಳೇ ಇಲ್ಲವೇನೋ.

"ನನ್ನ ಮಗು ವಿಚಾರ ನನಗೆ ಬಿಡು. ಅವತ್ತು ರಾತ್ರಿ ನಕ್ಷೆ ಕೋಣೆ ಹತ್ರ ಹೋಗಿದ್ಯಾ?"

"ಇಲ್ಲ."

"ಆ ಬೀಗಕ್ಕೆ ಕೀಲಿ ಮಾಡಿದ್ಯಾ?"

"ಜನ ಕೀಲಿ ತರ್ತಾರೆ, ಇಂಥದ್ದೇ ಇನ್ನೊಂದು ಮಾಡ್ಕೊಡು ಅಂತಾರೆ, ಮಾಡ್ಕೊಡ್ತೀನಿ. ಯಾವ ಬೀಗದ್ದು ಅಂತ ಕೀಲಿ ಹೇಳುತ್ತಾ?"

"ಯಾರು ತಂದ್ರು ಅಂತ ಗೊತ್ತಿರುತ್ತಲ್ಲ."

"ಗಿರಾಕಿ ಹೆಸರು ನಾನು ಹೇಳೋನಲ್ಲ. ಹೇಳಿದ್ರೆ ಮಾರನೇ ದಿನದಿಂದ ಯಾರೂ ನನ್ನ ಕೈಗೆ ಕೀಲಿ ಕೊಡಲ್ಲ."

"ಹಾಗಾದ್ರೆ ಒಳಗೇ ಇರು!"

ರೈಟರ್ ಬಂದು ಕೆಮ್ಮಿದರು. ನಾನು ತಿರುಗಿದಾಗ ಹಿಂದಿನಿಂದ ಅವನ ದನಿ ಬಂತು.

"ಅಮ್ಮಾ, ನನ್ನ ಪೆಟ್ಟಿಗೆ ಮುಚ್ಚಳ ಸರಿಯಾಗಿ ಹಾಕಿದಾರಾ ಒಂದು ಸಲ ನೋಡಿ. ತೆರೆದಿಟ್ರೆ ಬ್ಯಾಟರಿ ಇಳಿದುಹೋಗುತ್ತೆ."

ಊರು ಕೊಳ್ಳೆ ಹೋಗುತ್ತಿದ್ದರೆ ಇವನಿಗೆ ಬ್ಯಾಟರಿಯ ಚಿಂತೆ.

*

ಬೆಂಚಿನ ಮೇಲೆ ಕಾಯುತ್ತಿದ್ದಾಗ ಫೋನ್ ಬಂತು. ನಮ್ಮ ಯಜಮಾನರು. ನಗರಸಭೆಗೂ ಮನೆ ಕಟ್ಟುವವರಿಗೂ ನಕ್ಷೆ ಬರೆದುಕೊಡುವ ಕೆಲಸ ಅವರದು, ಮನೆಯಲ್ಲೇ ಕೂತು. ಹಾಗಾಗಿ ಮಗಳಿಗೆ ಜ್ವರ ಬಂದ ದಿನ ಅವರೇ ಅವಳ ಜೊತೆ.

"ಥರ್ಮಾಮೀಟರ್ ಎಲ್ಲಿಟ್ಟಿದೀಯ?"

"ಫ್ರಿಜ್ ಮೇಲಿನ ಡಬ್ಬಿಯಲ್ಲಿ."

"ಅಲ್ಲಿ ಇಲ್ಲ."

"ನೀಲಿ ಡಬ್ಬಿ, ರೀ. ನೀವು ನೋಡ್ತಿರೋದು ಹಸಿರು ಡಬ್ಬಿ."

"ಹಾಂ. ಸಿಕ್ತು. ಎಲ್ಲಿದೀಯ ನೀನು?"

"ಠಾಣೆಯಲ್ಲಿ. ಮೂರು ಚುಕ್ಕಿಯನ್ನ ಹಿಡ್ಕೊಂಡು ಬಂದಿದಾರೆ."

ಆ ಕಡೆ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದಾಯಿತು. ಮಗಳು ಕೆಮ್ಮಿದ್ದು ಕೇಳಿಸಿತು.

"ಏನಾದ್ರೂ ಹೇಳಿದ್ನಾ?"

"ಬ್ಯಾಟರಿ ಇಳಿದುಹೋಗುತ್ತೆ ಅಂದ."

"ತಮಾಷೆ ಬೇಡ."

"ತಮಾಷೆ ಅಲ್ಲ, ಅಷ್ಟೇ ಹೇಳಿದ್ದು. ಜ್ವರ ಎಷ್ಟಿದೆ?"

"ನೋಡ್ತೀನಿ. ಆ ಕೇಸು ಬೇರೆಯವರಿಗೆ ವಹಿಸಿ ಬಂದ್ಬಿಡೇ. ಪುಟ್ಟಿ ನಿನ್ನನ್ನೇ ಕೇಳ್ತಿದಾಳೆ."

"ಮಧ್ಯಾಹ್ನ ಬರ್ತೀನಿ," ಎಂದು ಫೋನ್ ಇಟ್ಟೆ. ಕಕ್ಷಿದಾರನೂ ಬೇಡ ಅನ್ನುತ್ತಾನೆ, ಗಂಡನೂ ಬೇಡ ಅನ್ನುತ್ತಾರೆ. ಇಷ್ಟು ಜನ ಬೇಡ ಅಂದ ಕೇಸನ್ನು ನಾನು ಯಾವತ್ತೂ ಬಿಟ್ಟವಳಲ್ಲ. ಅದು ನನ್ನ ದೊಡ್ಡ ಕೆಟ್ಟ ಗುಣ ಎಂದು ನಮ್ಮಮ್ಮ ಹೇಳುತ್ತಿದ್ದರು.

ಹನ್ನೊಂದಕ್ಕೆ ಪ್ರಿಂಟರ್‌ಗೆ ಜೀವ ಬಂತು. ಮೂರು ಚುಕ್ಕಿಯ ಹೆಂಡತಿ ರೈಟರ ಮೇಜಿನ ಮುಂದೆಯೇ ನೆಲದ ಮೇಲೆ ಕೂತು ಗೋಳಾಡತೊಡಗಿದ್ದೇ ಅದಕ್ಕೆ ಕಾರಣವಿರಬೇಕು.

ಕಾಗದದಲ್ಲಿ ಹೀಗಿತ್ತು: ಸಂಜೆ ಆರು ಐವತ್ತಕ್ಕೆ, ಕತ್ತಲಾಗುತ್ತಿದ್ದ ವೇಳೆಯಲ್ಲಿ, ಸದರಿ ಆಸಾಮಿಯು ಸ್ಕೂಟರಿನ ಹಿಂದಿನ ದೀಪ ಉರಿಯದ ಸ್ಥಿತಿಯಲ್ಲಿ ವಾಹನ ಚಲಾಯಿಸುತ್ತಿದ್ದು, ವಿಳಾಸ ಕೇಳಲಾಗಿ ಸರಿಯಾದ ವಿಳಾಸ ತಿಳಿಸದ ಕಾರಣ ಬಂಧಿಸಲಾಯಿತು.

"ವಿಳಾಸ ಗೊತ್ತಿಲ್ವಾ?" ನಾನು ತಲೆಯೆತ್ತಿದೆ.

ರೈಟರ ಹಿಂದಿನ ಗೋಡೆಯಲ್ಲಿ, ಬೀರುವಿನ ಪಕ್ಕಕ್ಕೆ, ಸುಣ್ಣದ ಮೇಲೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿತ್ತು: 'ಮೂರು ಚುಕ್ಕಿ, ಕೀಲಿ, ಹಳೇ ಸಂತೆ ಬೀದಿ, ಬಾವಿ ಎದುರು.' ಅಡಿಯಲ್ಲಿ ಫೋನ್ ನಂಬರ್. ಆ ಬೀರುವಿನ ಬೀಗ ಕೈಕೊಟ್ಟಾಗಲೆಲ್ಲ ಅವನೇ ಬಂದು ತೆಗೆಯುತ್ತಿದ್ದ.

ರೈಟರ್ ಹಿಂದೆ ತಿರುಗಿ ನೋಡಿ, ಕ್ಯಾಲೆಂಡರನ್ನು ಆ ಮೊಳೆಯಿಂದ ಈ ಮೊಳೆಗೆ ಸರಿಸಿ ಆ ಬರಹ ಮುಚ್ಚಿದರು.

"ಅದು ಹಳೇದು ಮೇಡಂ."

ಕಾನೂನಿನ ಗಂಟು ಇರುವುದೇ ಇಲ್ಲಿ. ಪೊಲೀಸರ ಮನಸ್ಸಿನಲ್ಲಿ ಬೇರೆ ಏನೋ ಇತ್ತು, ದೀಪ ಬರೀ ನೆಪ ಎಂದು ನಾನು ಕೋರ್ಟಿನಲ್ಲಿ ಎಷ್ಟು ಕೂಗಿದರೂ ಮ್ಯಾಜಿಸ್ಟ್ರೇಟರು ಕೇಳುವುದು ಒಂದೇ ಪ್ರಶ್ನೆ: ದೀಪ ಆರಿತ್ತೋ ಇಲ್ಲವೋ? ಆರಿದ್ದರೆ ಬಂಧನ ಸರಿ. ಮನಸ್ಸಿನಲ್ಲಿ ಏನಿತ್ತು ಅನ್ನುವುದು ಪೊಲೀಸರಿಗೂ ಅವರ ದೇವರಿಗೂ ಬಿಟ್ಟದ್ದು. ದೀಪ ಉರಿಯುತ್ತಿತ್ತು ಎಂದು ತೋರಿಸಿದರೆ ಮಾತ್ರ ಇಡೀ ಬಂಧನ ಬುಡಸಮೇತ ಬೀಳುತ್ತದೆ. ಒಬ್ಬ ಮನುಷ್ಯನ ಹದಿನೈದು ದಿನ ಬೆರಳುದ್ದದ ಒಂದು ಬಲ್ಬಿನ ಮೇಲೆ ನಿಂತಿತ್ತು.

"ಗಾಡಿ ತೋರ್ಸಿ," ಎಂದೆ.

*

ಠಾಣೆಯ ಹಿತ್ತಿಲಲ್ಲಿ ಜಪ್ತಿಯಾದ ಗಾಡಿಗಳು ತುಕ್ಕು ಹಿಡಿದು ಒಂದರ ಮೇಲೊಂದು ಬಿದ್ದಿದ್ದವು. ಮೂರು ಚುಕ್ಕಿಯ ಸ್ಕೂಟರ್ ಮಾತ್ರ ಒರೆಸಿಟ್ಟ ಹಾಗೆ ನಿಂತಿತ್ತು. ಸೀಟಿನ ಹಿಂದೆ, ದೀಪಕ್ಕೂ ನಂಬರ್ ಪ್ಲೇಟಿಗೂ ಸರಿಯಾಗಿ ಮೇಲೆ, ಅವನ ಉಪಕರಣದ ತಗಡಿನ ಪೆಟ್ಟಿಗೆ. ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿದ್ದರು.

"ಸ್ಟಾರ್ಟ್ ಮಾಡಿ."

"ಕೀಲಿ ಇಲ್ಲ ಮೇಡಂ."

"ಅದಕ್ಕೆ ಕೀಲಿ ಬೇಡ, ಸುಮ್ನೆ ಒದೀರಿ," ಎಂದಳು ಹಿಂದೆಯೇ ಬಂದಿದ್ದ ಹೆಂಡತಿ. "ಊರಿಗೆಲ್ಲ ಕೀಲಿ ಮಾಡ್ಕೊಡ್ತಾರೆ, ಸ್ವಂತ ಗಾಡಿದು ಕಳ್ಕೊಂಡು ಮೂರು ವರ್ಷ ಆಯ್ತು."

ರೈಟರ್ ಒದ್ದರು. ಎರಡನೇ ಒದೆತಕ್ಕೆ ಇಂಜಿನ್ ಕೆಮ್ಮಿ ಎದ್ದಿತು. ದೀಪದ ಗುಂಡಿ ಒತ್ತಿದರು.

ಹಿಂದಿನ ದೀಪ ಕೆಂಪಗೆ ಉರಿಯಿತು.

ಹೆಂಡತಿ ಚಪ್ಪಾಳೆ ತಟ್ಟಿದಳು. ರೈಟರ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಬಗ್ಗಿ, ದೀಪವನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಇಲ್ಲ ಮೇಡಂ. ನಿನ್ನೆ ಉರೀತಿರ್ಲಿಲ್ಲ. ಸತ್ಯವಾಗ್ಲೂ."

"ಇನ್ನೇನು ಹೇಳ್ತೀರಿ ನೀವು!"

"ನಾನೇ ಇದ್ದೆ ಅಲ್ಲಿ. ನಾನು ಬರಿಯೋದು ಕಂಡಿದ್ದನ್ನ ಮಾತ್ರ. ವಿಳಾಸದ ಮಾತು ಸಾಹೇಬ್ರು ಹೇಳಿ ಬರೆಸಿದ್ದು, ಅದು ಬಿಡಿ. ಆದ್ರೆ ದೀಪ ನಾನು ಕಣ್ಣಾರೆ ನೋಡಿದೀನಿ. ಫೋಟೋನೂ ಇದೆ."

ಅವರು ಫೋನ್ ತೆಗೆದು ಹಿಡಿದರು. ಮುಂದಿನ ದೀಪದ ಬೆಳಕು ಎದುರಿನ ಕಾಂಪೌಂಡಿನ ಮೇಲೆ ಬಿದ್ದಿತ್ತು, ಅಂದರೆ ಇಂಜಿನ್ ನಡೆಯುತ್ತಿತ್ತು. ಹಿಂದಿನ ದೀಪ ಕಪ್ಪು, ಅದರ ಮೇಲಿನ ಭಾಗ ಫೋಟೋದಲ್ಲಿ ಬಂದಿರಲಿಲ್ಲ. ಆರು ಐವತ್ತು. ರೈಟರ ಕಣ್ಣು ನೋಡಿದೆ. ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು, ದಿನಾ ನೋಡುತ್ತೇನೆ. ಇವರದು ಆ ಕಣ್ಣಲ್ಲ.

ಸಂಜೆ ಆರಿದ್ದ ದೀಪ, ಯಾರೂ ಮುಟ್ಟದೆ, ಬೆಳಗ್ಗೆ ಉರಿಯುತ್ತಿದೆ. ಇದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಎರಡೂ ಕಡೆಯವರನ್ನು ಓಡಿಸುತ್ತಾರೆ. ತಲೆ ಸಿಡಿಯತೊಡಗಿತ್ತು. ಬೆಳಗ್ಗೆ ಅರ್ಧ ಲೋಟ ಚಹಾ ಕುಡಿದದ್ದು ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ.

ಫೋಟೋವನ್ನು ಇನ್ನೊಮ್ಮೆ ಹತ್ತಿರ ಹಿಡಿದೆ.

"ಇದು ಫ್ಲ್ಯಾಶ್ ಹಾಕಿ ತೆಗೆದಿದ್ದಾ?"

"ನನ್ನ ಫೋನಲ್ಲಿ ಫ್ಲ್ಯಾಶ್ ಕೆಟ್ಟು ವರ್ಷ ಆಯ್ತು ಮೇಡಂ."

"ಮತ್ತೆ ನಂಬರ್ ಪ್ಲೇಟ್ ಇಷ್ಟು ಬೆಳ್ಳಗೆ ಹೇಗೆ ಕಾಣ್ತಿದೆ?"

ರೈಟರ್ ಬಗ್ಗಿದರು. ಪ್ಲೇಟಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕಿತ್ತು. ಪ್ಲೇಟಿನ ನೆರಳು ಹಿಂದಕ್ಕೆ ಬಿದ್ದಿರಲಿಲ್ಲ, ನೇರ ಕೆಳಗೆ, ರಸ್ತೆಯ ಮೇಲೆ ಬಿದ್ದಿತ್ತು. ಬೆಳಕು ಬಂದದ್ದು ಮೇಲಿನಿಂದ.

"ಬೀದಿ ದೀಪ ಇರ್ಬೇಕು."

"ಆ ಬೀದಿ ದೀಪ ಕೆಟ್ಟು ಎರಡು ತಿಂಗಳಾಯ್ತು. ಅರ್ಜಿ ಕೊಟ್ಟವಳೇ ನಾನು," ಎಂದಳು ಹೆಂಡತಿ.

ಪ್ಲೇಟಿನ ಮೇಲೆ ಇರುವುದು ಪೆಟ್ಟಿಗೆ ಒಂದೇ. ಪೆಟ್ಟಿಗೆ ತೆರೆದಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ.

ಉಳಿ, ಅರ, ಇಕ್ಕಳ ಇರುವ ತಗಡಿನ ಪೆಟ್ಟಿಗೆಗೂ ಬ್ಯಾಟರಿಗೂ ಏನು ಸಂಬಂಧ?

"ಏನಮ್ಮಾ," ನಾನು ಅವನ ಹೆಂಡತಿಯ ಕಡೆ ತಿರುಗಿದೆ, "ಕತ್ತಲಲ್ಲಿ ಕೆಲಸ ಬಂದ್ರೆ ನಿನ್ನ ಗಂಡ ಏನು ಮಾಡ್ತಾನೆ? ಟಾರ್ಚ್ ಹಿಡ್ಕೋತಾನಾ?"

"ಎರಡು ಕೈಯೂ ಬೇಕಲ್ಲ ಅಕ್ಕ, ಟಾರ್ಚ್ ಯಾವ ಕೈಯಲ್ಲಿ ಹಿಡೀತಾರೆ? ಮುಚ್ಚಳದ ಒಳಗಡೆ ಒಂದು ದೀಪ ಕೂಡ್ಸಿದಾರೆ. ಮುಚ್ಚಳ ಎತ್ತಿದ್ರೆ ತಾನಾಗೇ ಹತ್ಕೊಳ್ಳುತ್ತೆ, ಫ್ರಿಜ್ ಬಾಗಿಲ ತರಹ."

"ಅದಕ್ಕೆ ತಂತಿ ಎಲ್ಲಿಂದ ಎಳೆದಿದಾನೆ?"

"ಅದೆಲ್ಲ ನನಗೇನು ಗೊತ್ತು? ಹಿಂದಿನ ದೀಪದ್ದೇ ತಂತಿ ಅಂತಿದ್ರಪ್ಪ. ಮುಚ್ಚಿದ್ರೆ ಅದು, ತೆಗೆದ್ರೆ ಇದು."

ರೈಟರ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರ ಮುಖದಲ್ಲಿ ಬಣ್ಣ ಇಳಿಯಿತು.

"ಮೊಹರು ತೆಗೀರಿ," ಎಂದೆ.

"ಸಾಹೇಬ್ರ ಅಪ್ಪಣೆ ಇಲ್ದೆ ಆಗಲ್ಲ ಮೇಡಂ."

"ತೆಗೀರಿ ರೈಟರ್," ಎಂದಿತು ಹಿಂದಿನಿಂದ ಒಂದು ದಣಿದ ದನಿ.

ಇನ್‌ಸ್ಪೆಕ್ಟರ್ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ. ಕಂಕುಳಲ್ಲಿ ಟೋಪಿ, ಕೈಯಲ್ಲಿ ಒಂದು ಖಾಕಿ ಲಕೋಟೆ. ಭುಜದ ಮೇಲೆ ನಕ್ಷತ್ರ ಹೆಚ್ಚಾಗಿದ್ದವು, ತಲೆಯ ಮೇಲೆ ಕೂದಲು ಕಡಿಮೆಯಾಗಿತ್ತು.

ಅರಗು ಒಡೆಯಿತು. ಇಂಜಿನ್ ಇನ್ನೂ ಗುರ್‌ಗುಟ್ಟುತ್ತಿತ್ತು. ರೈಟರ್ ಮುಚ್ಚಳ ಎತ್ತಿದರು.

ಹಿಂದಿನ ಕೆಂಪು ದೀಪ ಆರಿತು. ಮುಚ್ಚಳದ ಒಳಗಿನ ಬಿಳಿ ದೀಪ ಹತ್ತಿ, ನಂಬರ್ ಪ್ಲೇಟು ಬೆಳ್ಳಗಾಯಿತು.

ಮುಚ್ಚಿದರು. ಕೆಂಪು. ಎತ್ತಿದರು. ಬಿಳಿ. ರೈಟರ್ ನಾಲ್ಕು ಸಲ ಹಾಗೆ ಮಾಡಿ, ಕೊನೆಗೆ ನಾಚಿ ನಿಲ್ಲಿಸಿದರು.

*

"ಕೂತ್ಕೊಳ್ಳಿ ಮೇಡಂ," ಎಂದರು ಇನ್‌ಸ್ಪೆಕ್ಟರ್ ತಮ್ಮ ಕೋಣೆಯಲ್ಲಿ.

"ನಿಂತೇ ಮಾತಾಡ್ತೀನಿ. ಕೂತ್ರೆ ನಿದ್ದೆ ಬರುತ್ತೆ. ದೀಪ ಆರಿದ್ದಕ್ಕೆ ನೀವು ಅವನನ್ನ ಹಿಡೀಲಿಲ್ಲ. ನೀವು ಅವನನ್ನ ನಿಲ್ಸಿದಾಗ ದೀಪ ಉರೀತಿತ್ತು. ಪೆಟ್ಟಿಗೆ ತೆಗೆದ್ರಿ, ಅದಕ್ಕೆ ದೀಪ ಆರ್ತು. ರೈಟರ್ ಪಾಪ ಅದನ್ನ ಕಂಡು ಬರೆದ್ರು. ಶೋಧ ಮೊದ್ಲು, ಕಾರಣ ಆಮೇಲೆ. ಆ ಕಾರಣ ಹುಟ್ಟಿದ್ದೇ ನಿಮ್ಮ ಕೈಯಿಂದ."

"ಹೌದು," ಎಂದರು ಅವರು.

ಒಪ್ಪಿಕೊಳ್ಳುವವರ ಜೊತೆ ಜಗಳವಾಡುವುದು ನನಗೆ ಅಭ್ಯಾಸವಿಲ್ಲ.

"ಹೌದು ಅಂದ್ರೆ?"

"ಹೌದು ಅಂದ್ರೆ ಹೌದು. ಪೆಟ್ಟಿಗೆಯಲ್ಲಿ ಅವನ ಪುಸ್ತಕ ಇರುತ್ತೆ, ಯಾವ ನಂಬರ್ ಕೀಲಿ ಯಾರಿಗೆ ಅಂತ ಬರೆದಿರ್ತಾನೆ. ಅದನ್ನ ನೋಡ್ಬೇಕಿತ್ತು. ನೋಡ್ದೆ."

"ಹಾಗಂತ ಕಾಗದದಲ್ಲಿ ಬರೀಬೇಕಿತ್ತು! ನಕ್ಷೆ ಕೋಣೆ ಕೇಸಲ್ಲಿ ಅನುಮಾನ ಇದೆ ಅಂತ ನೇರವಾಗಿ ಬರೆದು ಹಿಡೀಬೇಕಿತ್ತು. ಅದು ಬಿಟ್ಟು ದೀಪವಂತೆ, ವಿಳಾಸವಂತೆ. ಕುಣೀಲಾರದವಳು ನೆಲ ಡೊಂಕು ಅಂದ ಹಾಗೆ. ಊರೆಲ್ಲ ಇದೇ ಆಯ್ತು ನಿಮ್ದು. ಬೇಕಾದವನು ಕೈಗೆ ಸಿಗ್ಬೇಕು ಅಂದ್ರೆ ಒಬ್ಬನಿಗೆ ಹಾರ್ನ್ ಇಲ್ಲ, ಇನ್ನೊಬ್ಬ ರಸ್ತೆ ಅಡ್ಡ ದಾಟಿದ, ಮತ್ತೊಬ್ಬ ಜೋರಾಗಿ ಮಾತಾಡ್ದ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಒಬ್ಬನನ್ನಾದ್ರೂ ಇದ್ದ ಕಾರಣಕ್ಕೆ ಹಿಡಿದಿದ್ದು ನಾನು ಕಂಡಿಲ್ಲ!"

ನನ್ನ ದನಿ ಹೊರಗಿನ ತನಕ ಹೋಗಿರಬೇಕು, ರೈಟರ ಬೆರಳಚ್ಚಿನ ಸದ್ದು ನಿಂತಿತು.

"ಅದೂ ಅವನಿಗೆ ಮಾತು ಕೊಟ್ಟ ನೀವು," ಎಂದೆ. "ಮಗಳ ತಲೆ ಮುಟ್ಟಿ."

ಆಗ ಅವರ ಮುಖ ಬಿಗಿಯಿತು.

"ಮೇಡಂ, ಅವನನ್ನ ಬಿಟ್ಟುಬಿಡ್ತೀನಿ. ಈಗ್ಲೇ. ನೀವು ಅವನನ್ನ ಕರ್ಕೊಂಡು ಮನೆಗೆ ಹೋಗಿ. ಮಧ್ಯಾಹ್ನದ ತನಕ ನಾನು ಏನೂ ಮಾಡಲ್ಲ."

"ಮಧ್ಯಾಹ್ನದ ಮೇಲೆ?"

ಅವರು ಕೈಯಲ್ಲಿದ್ದ ಲಕೋಟೆಯನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಮತ್ತೆ ಇನ್ನೊಂದು ಗಾಡಿ, ಇನ್ನೊಂದು ದೀಪ. ಅಲ್ವಾ? ಆಗಲ್ಲ ಸಾಹೇಬ್ರೇ. ಕಾರಣ ಇಲ್ಲ ಅಂತಾದ್ರೆ ಬರೆದುಕೊಡಿ. ಕಾರಣ ಇದೆ ಅಂತಾದ್ರೆ ಈಗ್ಲೇ, ನನ್ನೆದುರಿಗೆ, ಅವನ ಮುಖಕ್ಕೇ ಹೇಳಿ. ಹನ್ನೆರಡು ವರ್ಷದ ಹಿಂದೆ ಅವನು ಕೇಳಿದ್ದೂ ಅಷ್ಟೇ."

"ಬೇಡ ಮೇಡಂ."

"ಹೇಳಿ."

"ನಾನು ಇನ್ನೊಂದು ಸಲ ಹೇಳ್ತೀನಿ. ಬೇಡ. ಒಂದು ದಿನ ಟೈಮ್ ಕೊಡಿ, ನಾನು ಬೇರೆ ದಾರಿ ಹುಡುಕ್ತೀನಿ. ಆ ಸುಳ್ಳು ದೀಪ ಹಿಡ್ಕೊಂಡು ಕೂತಿದ್ದೇ ಅದಕ್ಕೆ."

"ಒಂದು ದಿನ ಅವನು ಒಳಗಿರ್ಬೇಕು, ನಿಮಗೆ ದಾರಿ ಸಿಗೋ ತನಕ? ಕರೆಸಿ ಅವನನ್ನ."

ಅವರು ಗಂಟೆ ಒತ್ತಿದರು.

ಮೂರು ಚುಕ್ಕಿ ಬಂದ. ಹಿಂದೆಯೇ ಅವನ ಹೆಂಡತಿ ನುಗ್ಗಿದಳು, ಯಾರೂ ತಡೆಯಲಿಲ್ಲ. ರೈಟರ್ ಬಿಡುಗಡೆಯ ಕಾಗದ ತಂದಿಟ್ಟರು. ಪ್ರಿಂಟರ್ ಈ ಸಲ ಕೆಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ರುಜು ಹಾಕಿದರು. ದೀಪದ ಕೇಸು ಮುಗಿಯಿತು.

"ನಡೀರಿ, ನಡೀರಿ," ಎಂದಳು ಹೆಂಡತಿ ಗಂಡನ ತೋಳು ಎಳೆಯುತ್ತ.

"ನಿಂತ್ಕೊಳಪ್ಪ," ಎಂದರು ಇನ್‌ಸ್ಪೆಕ್ಟರ್, ಎದ್ದು ನಿಂತು.

ಮೂರು ಚುಕ್ಕಿ ನಿಂತ. ಅವನು ನೋಡಿದ್ದು ಅವರನ್ನಲ್ಲ, ನನ್ನನ್ನು.

"ಅಮ್ಮಾ, ನೀವು ಹೊರಗೆ ಹೋಗಿ. ದಮ್ಮಯ್ಯ."

"ನಾನು ನಿನ್ನ ವಕೀಲೆ. ಎಲ್ಲಿಗೂ ಹೋಗಲ್ಲ."

"ನಾನು ನಿಮ್ಮನ್ನ ವಕೀಲೆ ಮಾಡ್ಕೊಂಡಿಲ್ಲ! ಇವಳು ಮಾಡ್ಕೊಂಡಿದ್ದು. ಹೋಗಿ ಅಂದೆನಲ್ಲ. ಸಾಹೇಬ್ರೇ, ನೀವಾದ್ರೂ ಹೇಳಿ ಅವರಿಗೆ. ದೀಪದ ಕೇಸೇ ಇರ್ಲಿ, ನಾನು ಒಪ್ಕೋತೀನಿ, ಆರಿತ್ತು ಅಂತ ಬರ್ಕೊಡ್ತೀನಿ."

ಇದ್ದಕ್ಕಿದ್ದ ಹಾಗೆ ಕೋಣೆಯಲ್ಲಿ ನನಗೊಬ್ಬಳಿಗೆ ಮಾತ್ರ ಏನೋ ಗೊತ್ತಿಲ್ಲ ಅನ್ನಿಸಿತು.

"ಹೇಳಿ ಸಾಹೇಬ್ರೇ," ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

ಇನ್‌ಸ್ಪೆಕ್ಟರ್ ಖಾಕಿ ಲಕೋಟೆ ಬಿಚ್ಚಿ, ಒಂದು ಹಿತ್ತಾಳೆ ಕೀಲಿಯನ್ನು ಮೇಜಿನ ಮೇಲಿಟ್ಟರು. ಅದರ ಹಿಡಿಯ ಮೇಲೆ ಮೂರು ಚುಕ್ಕಿ, ಪಕ್ಕದಲ್ಲಿ ನಾನೂರ ಹನ್ನೆರಡು.

"ಇದು ಅವತ್ತು ರಾತ್ರಿ ಕಾವಲುಗಾರನ ಮುಷ್ಟಿಯಲ್ಲಿ ಸಿಕ್ಕಿದ್ದು. ಹೊಡೆದವನ ಕೈಯಿಂದ ಕಿತ್ಕೊಂಡಿರ್ಬೇಕು. ನಿನ್ನ ಪೆಟ್ಟಿಗೆಯಿಂದ ತೆಗೆದಿದ್ದಲ್ಲ ಇದು, ಮೇಡಂ ಏನೇ ವಾದ ಮಾಡಿದ್ರೂ ಇದು ನಿಲ್ಲುತ್ತೆ." ಅವರು ಟೋಪಿಯನ್ನು ತಲೆಗೆ ಹಾಕಿಕೊಂಡರು. "ಬೆಳಗ್ಗೆ ಒಂಬತ್ತೂವರೆಗೆ ಕಾವಲುಗಾರ ತೀರಿಕೊಂಡ. ನಾನು ಆಸ್ಪತ್ರೆಯಿಂದಲೇ ಬರ್ತಿದೀನಿ. ಕೊಲೆ ಕೇಸು. ಈ ಕೀಲಿ ಮಾಡಿಕೊಟ್ಟಿದ್ದು ನೀನು. ಮಾಡಿಸಿಕೊಂಡವನ ಹೆಸರು ನೀನು ಮುಚ್ಚಿಡ್ತಿದೀಯ. ಅದಕ್ಕೇ ನಿನ್ನನ್ನ ಬಂಧಿಸ್ತಿದೀನಿ. ಬೇರೆ ಕಾರಣ ಇಲ್ಲ."

ಹೆಂಡತಿ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವನು ಹೇಳಲ್ಲ," ಎಂದೆ ನಾನು. ವಕೀಲಿಕೆ ತಾನಾಗಿ ನಾಲಿಗೆಗೆ ಬಂತು. "ಗಿರಾಕಿ ಹೆಸರು ಹೇಳದೇ ಇರೋದು ಕೊಲೆ ಆಗಲ್ಲ. ಯಾರೋ ತಂದ ಕೀಲಿಗೆ ನಕಲು ಮಾಡಿದಾನೆ. ಯಾರು ತಂದ್ರು ಅಂತ ಪುಸ್ತಕ ನೋಡಿದ್ರಲ್ಲ, ಹೋಗಿ ಅವನನ್ನ ಹಿಡೀರಿ!"

"ಅದನ್ನೇ ನಿನ್ನೆ ಸಂಜೆಯಿಂದ ಮಾಡದೇ ಕೂತಿದ್ದೆ ಮೇಡಂ."

ಲಕೋಟೆಯಿಂದ ಅವರು ಎಣ್ಣೆ ಹಿಡಿದ ಒಂದು ಸಣ್ಣ ನೋಟ್ ಪುಸ್ತಕ ತೆಗೆದರು. ಮೂರು ಚುಕ್ಕಿ ಯಾರ ಹೆಸರನ್ನೂ ಬರೆಯುವವನಲ್ಲ. ಹಲ್ಲಿನ ಡಾಕ್ಟರು, ಮೂಲೆ ಅಂಗಡಿ ಅಜ್ಜಿ, ಮೂರನೇ ಮಹಡಿ ಮೇಷ್ಟ್ರು, ಹೀಗೆ. ಇನ್‌ಸ್ಪೆಕ್ಟರ್ ಮೂಲೆ ಮಡಚಿದ ಒಂದು ಪುಟ ತೆಗೆದು ನನ್ನ ಕಡೆ ತಿರುಗಿಸಿದರು.

'೪೧೨. ಮಾದರಿ ಕೊಟ್ಟವರು, ವಕೀಲಮ್ಮನ ಯಜಮಾನರು. ಅರ್ಜೆಂಟು.'

"ಹೇಳ್ಬೇಡಿ ಅಂದೆನಲ್ಲ ಸಾಹೇಬ್ರೇ," ಎಂದ ಮೂರು ಚುಕ್ಕಿ, ಅಳುವ ದನಿಯಲ್ಲಿ.

ಮೇಜಿನ ಮೇಲಿದ್ದ ನನ್ನ ಫೋನ್ ನಡುಗತೊಡಗಿತು. ಮನೆಯಿಂದ. ನಾನು ತೆಗೆಯಲಿಲ್ಲ. ಅದು ನಡುಗುತ್ತ ನಡುಗುತ್ತ ಜರುಗಿ ಆ ಕೀಲಿಗೆ ತಾಗಿ ನಿಂತಿತು.

ರೈಟರ್ ಹೊಸ ಕಾಗದ ತಂದರು. ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆದರು, ಬರೆದದ್ದನ್ನು ಮೂರು ಚುಕ್ಕಿಯ ಎದುರು ನಿಂತು ಗಟ್ಟಿಯಾಗಿ ಓದಿದರು.

ಹನ್ನೆರಡು ವರ್ಷದ ಹಿಂದೆ ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.